ಗೋವಿಂದ ಶೆಟ್ಟರ ಕ್ಯಾನು

ಪ್ರವಾಸಿ ಹಡಗುಗಳು ಕಡಲಿಗೆ ತೊಟ್ಟು ಕೊಳೆಯನ್ನೂ ಬಿಡಬಾರದೆಂಬ ಕಾನೂನು ಬಂದು ಹನ್ನೊಂದು ವರ್ಷವಾಗಿತ್ತು. ಸ್ನಾನದ ನೊರೆಯಿಂದ ಹಿಡಿದು ಕಕ್ಕಸಿನವರೆಗೆ ಎಲ್ಲವನ್ನೂ ಹಡಗಿನಲ್ಲೇ ಒಣಗಿಸಿ ಕ್ಯಾನಿಗೆ ತುಂಬಿ, ಇಳಿಯುವಾಗ ಅವರವರದನ್ನು ಅವರವರ ಕೈಗೇ ಕೊಡುತ್ತಿದ್ದರು. ಮನೆಗೆ ಒಯ್ದು ಮಣ್ಣಿಗೆ ಹಾಕಬೇಕು. ಒಯ್ಯದವರು ಮತ್ತೆಂದೂ ಹಡಗು ಹತ್ತುವಂತಿರಲಿಲ್ಲ.

ಮಂಗಳೂರು ಬಂದರಿನ ಸಾಲಿನಲ್ಲಿ ದಾವಣಗೆರೆಯ ಪ್ರೇಮಲತಾ ನಿಂತಿದ್ದರು. ಪ್ರವಾಸದ ಒಂಬತ್ತನೇ ದಿನ ಗಂಡ ಗೋವಿಂದ ಶೆಟ್ಟರು ತಿಂಡಿಯ ಮೇಜಿನ ಮುಂದೆಯೇ ಕುಸಿದು ತೀರಿಕೊಂಡಿದ್ದರು. ಮುಂದೆ ಸಿಕ್ಕ ಊರಿನಲ್ಲೇ ದಹನವಾಗಿತ್ತು. ಆಮೇಲಿನ ಐದು ದಿನ ಪ್ರೇಮಲತಾ ಹೊತ್ತಿಗೆ ಸರಿಯಾಗಿ ಉಂಡರು, ಮಲಗಿದರು, ಎದ್ದರು. ಅಳು ಬರಲಿಲ್ಲ. ಯಾಕೆ ಬರಲಿಲ್ಲವೆಂದು ಯೋಚಿಸಲೂ ಇಲ್ಲ.

ಕೌಂಟರಿನ ಹುಡುಗಿ ಎರಡು ಕ್ಯಾನು ತಂದಿಟ್ಟಳು. ಎರಡನೆಯದರ ಮೇಲಿನ ಹೆಸರು ಓದಿ ದನಿ ತಗ್ಗಿಸಿದಳು.

"ಅಮ್ಮ, ಇದು ನೀವು ಕೊಂಡೋಗ್ಬೇಕಂತ ಇಲ್ಲ. ತೀರಿಹೋದವರದ್ದು ನಾವೇ ಸುಡ್ತೇವೆ. ಇಲ್ಲೊಂದು ಸೈನ್ ಹಾಕಿ, ಸಾಕು."

"ಈಗಾಗ್ಲೇ ಒಂದ್ಸಲ ಸುಟ್ಟಾಗಿದೆಯಲ್ಲಮ್ಮ."

"ಅಲ್ಲ, ಭಾರ ಉಂಟು. ಇದು ಬರೀ ಕೊಳೆ ಅಲ್ವಾ?"

"ಕೊನೇ ಎರಡು ವರ್ಷ ಅವ್ರ ಕೊಳೆನೆಲ್ಲ ನಾನೇ ತೊಳ್ದಿದ್ದು. ನಂಗೇನೂ ಹೊಸದಲ್ಲ."

ಪ್ರೇಮಲತಾ ಗಂಡನ ಕ್ಯಾನನ್ನು ಎತ್ತಿ ಸೊಂಟಕ್ಕೇರಿಸಿಕೊಂಡರು. ನಾಲ್ಕು ಹೆಜ್ಜೆ ನಡೆಯುವಷ್ಟರಲ್ಲಿ ಹಿಂದಿನಿಂದ ಹುಡುಗಿ ಕೂಗಿದಳು.

"ಅಮ್ಮಾ, ನಿಮ್ಮದು ಇಲ್ಲೇ ಉಂಟು!"

"ನಂದು ಸುಟ್ಬಿಡಿ," ಎಂದರು ಪ್ರೇಮಲತಾ, ಹಿಂತಿರುಗದೆ.

"ಅದು ಆಗುದಿಲ್ಲಮ್ಮ. ತೀರಿಹೋದವರದ್ದು ಮಾತ್ರ."

"ಹಾಗೇ ಬರ್ಕೊಳ್ಳಿ," ಎಂದು ಅವರು ಟ್ಯಾಕ್ಸಿಯ ಕಡೆ ನಡೆದರು.