ಮೂರನೇ ಹಾಡಿನ ಸದ್ದು

ಅವಳಿಗೆ ಶ್ರುತಿಯಿತ್ತು, ತಾಳವಿತ್ತು, ಸಿಟ್ಟು ಮಾತ್ರ ಇರಲಿಲ್ಲ. ಸಿಟ್ಟಿಲ್ಲದೆ ಹಾಡಿದರೆ ಅದು ಅಬ್ಬರದ ಪಾಪ್-ಪಂಕ್ ಅಲ್ಲ, ಭಜನೆ ಎಂದು ಆಲ್ಬಮ್ ಮಾಡಿಸಿದ ನಿರ್ಮಾಪಕ ಆಗ ಬೈಯುತ್ತಿದ್ದ.

ಇಪ್ಪತ್ತು ವರ್ಷದ ಮೇಲೆ ಆ ಆಲ್ಬಮ್ಮಿನ ಹಾಡುಗಳೆಲ್ಲ ಸಣ್ಣ ಸದ್ದೂ ಕಳೆದುಹೋಗದ ಲಾಸ್‌ಲೆಸ್ ಆಡಿಯೋದಲ್ಲಿ ಬಂದವು. ಬಿಡುಗಡೆಯ ದಿನ ಅವನು ಅವಳ ಹೆಗಲ ಮೇಲೆ ಕೈಹಾಕಿಯೇ ಕೂತಿದ್ದ. ಅವಳು ಹೆಗಲು ಸರಿಸಿದರೂ ಆ ಬೆವರಿದ ಅಂಗೈ ಕದಲಲಿಲ್ಲ.

ಅಭಿಮಾನಿಯೊಬ್ಬ ಹೆಡ್‌ಫೋನ್ ಕಳಚಿ ಓಡಿಬಂದ.

“ಮೇಡಂ, ಏನ್ ಕ್ಲಿಯರ್! ನಿಮ್ಮ ಉಸಿರೂ ಕೇಳುತ್ತೆ. ಮೂರನೇ ಹಾಡಲ್ಲಿ ನೀವು ಕಿರುಚೋಕೆ ಮುಂಚೆ ‘ಟಪ್’ ಅಂತ ಒಂದು ಸದ್ದು ಬರುತ್ತಲ್ಲ, ಹಳೇ ಎಂಪಿತ್ರೀಲಿ ಅದು ಕೇಳ್ತಾನೇ ಇರಲಿಲ್ಲ. ಏನದು?”

“ಡ್ರಮ್ಮು ಕಣಯ್ಯಾ,” ನಿರ್ಮಾಪಕ ನಕ್ಕ. “ಒಂದೇ ಏಟಿಗೆ ಟೇಕ್ ಓಕೆ ಆಯ್ತು.”

“ಆ ಕಿರುಚಾಟ ಅಂತೂ ನಿಜವಾದ್ದೇ ಅನಿಸುತ್ತೆ ಮೇಡಂ, ಮೈ ಜುಮ್ ಅನ್ನುತ್ತೆ! ಇನ್ನೊಂದ್ಸಲ ಕೇಳ್ಲಾ?”

“ಸ್ಪೀಕರಲ್ಲೇ ಹಾಕಪ್ಪ,” ಎಂದಳು. “ಎಲ್ರೂ ಕೇಳಲಿ.”

ಹೆಗಲ ಮೇಲಿನ ಕೈ ಬಿಗಿಯಾಯಿತು. ಸಭಾಂಗಣದ ತುಂಬ ‘ಟಪ್’ ಎಂದಿತು. ಅವಳು ಬಾಯಿಗೆ ಬೆರಳು ಹಾಕಿ, ಕಟ್ಟಿಸಿಕೊಂಡಿದ್ದ ಹಲ್ಲುಗಳನ್ನು ಕಳಚಿ ಎಲ್ಲರೆದುರು ಮೇಜಿನ ಮೇಲಿಟ್ಟಳು.

ಅವತ್ತು ಅವನ ಏಟಿಗೆ ಹೋದದ್ದು ಎರಡು ಹಲ್ಲು.