ಅಂಗೈಯ ಹಳದಿ

ದಿನಾ ಬೆಳಿಗ್ಗೆ ಏಳಕ್ಕೆ ವಾರ್ಡಿನ ಡ್ರೋನು ಬರುವ ಮೊದಲೇ ನೀಲವ್ವ ಬದನೆ ಎಲೆಗಳನ್ನು ಮಗುಚಿ, ಹುಳ ಆರಿಸಿ, ಬೂದಿ ಉದುರಿಸಿ ಮುಗಿಸುತ್ತಾಳೆ. ಹುಳಹುಪ್ಪಟೆ ಒಂದು ಕಂಡರೂ ಡ್ರೋನು ಇಡೀ ಹಿತ್ತಲಿಗೆ ವಿಷ ಸಿಂಪಡಿಸುತ್ತದೆ. ಏಳು ತಿಂಗಳ ಬಸುರಿ ಮಗಳು ಕಸ್ತೂರಿಗೆ ಎಣಗಾಯಿಯ ಬಯಕೆ. ಕಾಯಿ ನಾಳೆ ಕೊಯ್ಯುವಂತಿದ್ದವು.

ಇಂದು ಡ್ರೋನಿನ ಸದ್ದು ಕೇಳಿಸುವಾಗಲೇ ಹಳದಿ ಚಿಟ್ಟೆಯೊಂದು ಬಂದು ಬದನೆ ಹೂವಿನ ಮೇಲೆ ಕೂತಿತು. ನೀಲವ್ವ ಚಿಟ್ಟೆ ಕಂಡು ಹನ್ನೊಂದು ಯುಗಾದಿ ಕಳೆದಿದ್ದವು.

"ಹೋಗವಾ, ನಿನ್ನ ಕಾಲಿಗೆ ಬೀಳ್ತೀನಿ," ಎಂದು ಸೆರಗು ಬೀಸಿದಳು. ಅದು ಎದ್ದು ಮತ್ತೆ ಅಲ್ಲೇ ಕೂತಿತು. ಕೊನೆಗೆ ಮುಷ್ಟಿಯಲ್ಲಿ ಹಿಡಿದಳು.

ಡ್ರೋನು ಒಂದು ಸುತ್ತು ಹಾಕಿ ಪಕ್ಕದ ಮನೆಗೆ ಹೋಯಿತು. ಅಷ್ಟರಲ್ಲಿ ಮುಷ್ಟಿಯೊಳಗಿನ ಮಿಡುಕಾಟ ನಿಂತಿತ್ತು.

"ಅವ್ವಾ, ಕೈಗೆ ಏನ ಹತ್ತೇತಿ?" ಬಾಗಿಲಲ್ಲಿ ನಿಂತು ಕಸ್ತೂರಿ ಕೇಳಿದಳು.

"ಅರಿಷಿಣ," ಎಂದಳು ನೀಲವ್ವ.