ಸೊಸೆ ನುಂಗಿದ ಮಾತ್ರೆ

ರಾಮಾಂಜಿನಪ್ಪ ಮುದ್ದೆಯ ತಟ್ಟೆಯನ್ನು ಪಕ್ಕಕ್ಕೆ ಸರಿಸಿ, "ಇನ್ ಮುಂದೆ ನಂಗೆ ಊಟಾನೂ ಬೇಡ, ಮಾತ್ರೇನೂ ಬೇಡ" ಎಂದವರೇ ಜಗಲಿಗೆ ಹೋಗಿ ಗೋಡೆಯ ಕಡೆ ಮುಖ ಮಾಡಿ ಮಲಗಿಬಿಟ್ಟರು.

ಅಡುಗೆಮನೆಯಲ್ಲಿ ಕೃಷ್ಣಮ್ಮ ಸೊಸೆ ಭಾಗ್ಯಳ ಕಿವಿಯಲ್ಲಿ ಪಿಸುಗುಟ್ಟಿದರು. "ಬೆಳಿಗ್ಗೆ ಬೇಲಿ ಮರೇಗೆ ಹೋದಾಗ ಉಚ್ಚೆ ಅರಿಸಿನ ಕಲಸಿದಂಗೆ ಹೋಯ್ತಂತೆ ಕಣೆ. ಕರುಳಿನ ಕ್ಯಾನ್ಸರ್ ವಾಪಸ್ ಬಂದೈತೆ, ಆಪರೇಸನ್ ಮಾಡ್ಸಿದ್ದೆಲ್ಲ ದಂಡ ಅಂತಾವ್ರೆ."

ಭಾಗ್ಯಳಿಗೆ ತಟ್ಟನೆ ಹೊಳೆಯಿತು. ಮಾವನ ರಕ್ತ ಪರೀಕ್ಷೆ ಮಾಡಿಸಿದ ಡಾಕ್ಟರು, ಬಿ ವಿಟಮಿನ್ ತೀರಾ ಇಳಿದಿದೆ ಎಂದು ಮೊನ್ನೆಯಷ್ಟೇ ಮಾತ್ರೆ ಬರೆದುಕೊಟ್ಟಿದ್ದರು. "ಅದು ಮಾತ್ರೆ ಬಣ್ಣ ಅತ್ತೆ! ಬಿ ವಿಟಮಿನ್ ತಿಂದ್ರೆ ಹಾಗೇ ಹಳದಿ ಹೋಗುತ್ತೆ ಅಂತ ಕಾಲೇಜಲ್ಲಿ ಓದಿದೀನಿ. ಮಾವನಿಗೆ ಹೇಳಿ."

ಕೃಷ್ಣಮ್ಮ ಹೋದಷ್ಟೇ ಬೇಗ ತಿರುಗಿ ಬಂದರು. "ಸಾಯೋನಿಗೆ ಸಮಾಧಾನ ಹೇಳಾಕೆ ಬಂದ್ಯಾ ಅಂತ ಉಗಿದ್ರು. ನಿನ್ ಗಂಡ ಹೇಳಿದ್ರೂ ಅಷ್ಟೇಯ, ನಂಬಾಕಿಲ್ಲ."

ಮದುವೆಯಾಗಿ ಬಂದಾಗಿನಿಂದ ಭಾಗ್ಯ ಮಾವನ ಎದುರು ನಿಂತು ಮಾತಾಡಿದವಳಲ್ಲ. ಕಾಫಿ ಲೋಟವನ್ನೂ ಹೊಸ್ತಿಲ ಮೇಲಿಟ್ಟು, ಬಳೆ ಸದ್ದು ಮಾಡಿ ಸರಿದುಬಿಡುತ್ತಿದ್ದಳು. ಅಂಥವಳು ಇಂಥ ಮಾತನ್ನು ಆಡುವುದೆಂದರೆ! ಯೋಚಿಸಿ ಯೋಚಿಸಿ, ಮಲಗುವ ಮುಂಚೆ ಆ ಮಾತ್ರೆಯೊಂದನ್ನು ತಾನೇ ನುಂಗಿ ನೀರು ಕುಡಿದಳು.

ಮರುದಿನ ಪೀಣ್ಯದ ಕಾರ್ಖಾನೆಗಳ ಮೊದಲ ಸೈರನ್ ಕೂಗುವ ಹೊತ್ತಿಗೆ ಬಾಗಿಲ ಮರೆಯಲ್ಲಿ ನಿಂತಿದ್ದಳು.

"ಮಾವ, ರಾತ್ರಿ ನಿಮ್ಮ ಮಾತ್ರೆ ನಾನೂ ಒಂದು ನುಂಗಿದೆ."

"ನಿಂಗ್ಯಾಕವ್ವ ಅದು?"

ಭಾಗ್ಯ ಸೆರಗನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು. "ಈಗ... ನನಗೂ ಹಳದೀನೇ ಮಾವ."

ಅವಳ ಕಿವಿಗಳು ಸುಡುತ್ತಿದ್ದವು. ಒಲೆಯ ಮುಂದೆ ಕೃಷ್ಣಮ್ಮ ಬಾಯಿಗೆ ಸೆರಗು ಒತ್ತಿಕೊಂಡು ನಗು ತಡೆಯಲಾರದೆ ಕುಲುಕುತ್ತಿದ್ದರು.

ಕೊನೆಗೆ ರಾಮಾಂಜಿನಪ್ಪ ಗಂಟಲು ಸರಿಮಾಡಿಕೊಂಡರು. "ಅಂಗಾದ್ರೆ ಈ ಮಾತ್ರೆ ತಿಂದ್ರೆ ಕಾಯಿಲೆ ತಿರುಗಿ ಬರಾಕಿಲ್ವಾ?"

ಬರಲ್ಲ ಎಂಬ ಮಾತು ಭಾಗ್ಯಳ ನಾಲಿಗೆಯ ತುದಿಯವರೆಗೆ ಬಂದಿತ್ತು. "ಅದು ಡಾಕ್ಟ್ರಿಗೂ ಗೊತ್ತಿಲ್ವಂತೆ ಮಾವ. ಮೈಗೆ ತ್ರಾಣ ಬರುತ್ತೆ, ಅಷ್ಟು ಮಾತ್ರ ಹೇಳಿದ್ರು."

"ಡಾಕ್ಟ್ರಿಗೇ ಗೊತ್ತಿಲ್ವಾ! ನಾನು ನೋಡು, ಆಗ್ಲೇ ಎಲ್ಲಾ ತಿಳ್ಕಂಡು ಮಲಗ್ಬಿಟ್ಟಿದ್ದೆ."

ಅವರು ಸೊಸೆಯ ಕಡೆ ತಿರುಗಲಿಲ್ಲ. ಬಾಗಿಲೊಳಕ್ಕೆ ಅಂಗೈಯನ್ನಷ್ಟೇ ಚಾಚಿದರು.

"ಇವತ್ತಿಂದು ಕೊಡವ್ವ."